ಹಳೇ ಕಂಪ್ಯೂಟರಿಗೆ ಹಗುರ ಲಿನಕ್ಸ್, ಮಳೆಗಾಲಕ್ಕೆ ಮೊದಲೇ

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಡಗಿನ ತೋಟದ ಆಫೀಸುಗಳಲ್ಲಿ, ಹೋಂಸ್ಟೇ ಕೌಂಟರುಗಳಲ್ಲಿ, ಗೋಣಿಕೊಪ್ಪ, ಸೋಮವಾರಪೇಟೆಯ ಜೆರಾಕ್ಸ್ ಅಂಗಡಿಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಕಂಪ್ಯೂಟರುಗಳು ಇನ್ನೂ ದುಡಿಯುತ್ತಿವೆ. ವಿಂಡೋಸ್ 10ಕ್ಕೆ ಇದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಕನಿಷ್ಠ 4 ಜಿಬಿ ರ‍್ಯಾಮ್ ಬೇಕು. ಹಾಗಂತ ತೋಟದ ರೈಟರು ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವ, ನಿನ್ನೆ ಎಷ್ಟು ಇಂಚು ಎಷ್ಟು ಸೆಂಟ್ ಮಳೆ ಬಿತ್ತು ಎಂದು ಗುರುತು ಹಾಕುವ ಯಂತ್ರವನ್ನು ಗುಜರಿಗೆ ಕೊಡಬೇಕಿಲ್ಲ. ಅದಕ್ಕೆ ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಬಹುದು.

"ಲಿನಕ್ಸೂ ಹಾಕಿ ನೋಡಿದೆವು, ಅದೂ ತೆವಳುತ್ತದೆ" ಅನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಆದರೆ 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಕರ್ನಲ್, ಅಂದರೆ ಅದರ ತಿರುಳು, ಇಲ್ಲಿ ಭಾರವಲ್ಲ. ಅದರ ಮೇಲೆ ಕೂರುವ ಗ್ನೋಮ್‌ನಂಥ ದೊಡ್ಡ ಡೆಸ್ಕ್‌ಟಾಪ್, ಅಂದರೆ ಕಿಟಕಿ, ಮೆನು, ಐಕಾನು ತೋರಿಸುವ ಭಾಗ, ಅದು ಭಾರ. 2 ಜಿಬಿ ರ‍್ಯಾಮಿನ ಯಂತ್ರಕ್ಕೆ ಅದನ್ನು ಹೊರಿಸಿದರೆ ತೆವಳದೆ ಇನ್ನೇನು ಮಾಡೀತು? ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪುಗಳು ಸಿದ್ಧವಾಗಿಯೇ ಸಿಗುತ್ತವೆ. ಪುರುಸೊತ್ತಿಲ್ಲದವರು ಅವುಗಳಲ್ಲಿ ಒಂದನ್ನು ಹಾಕಿಕೊಳ್ಳಿ, ತಪ್ಪೇನಿಲ್ಲ. ನಾನು ಇವತ್ತು ಹೇಳುವುದು ಖಾಲಿ ಯಂತ್ರದಿಂದ ಶುರುಮಾಡಿ, ಬೇಕಾದ್ದನ್ನು ಮಾತ್ರ ಒಂದೊಂದಾಗಿ ಸೇರಿಸುವ ದಾರಿ. ಜುಲೈಯಲ್ಲಿ ಮರ ಬಿದ್ದು ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಅನ್ನುವಾಗ ಏನಾದರೂ ಕೈಕೊಟ್ಟರೆ, ಒಳಗೆ ಏನೇನಿದೆ ಎಂದು ಗೊತ್ತಿದ್ದವರು ತಾವೇ ಸರಿಮಾಡಿಕೊಳ್ಳಬಹುದು.

ಇದಕ್ಕೆ ನನ್ನ ಆಯ್ಕೆ ಡೆಬಿಯನ್ ಎಂಬ ಲಿನಕ್ಸ್. 1993ರಿಂದ ನಡೆದುಬಂದಿರುವ ಯೋಜನೆ ಅದು. ಮೊದಲು ನಿಮ್ಮ ಪ್ರೊಸೆಸರ್ 64 ಬಿಟ್ಟಿನದೇ ನೋಡಿಕೊಳ್ಳಿ. ಕೋರ್ 2 ಡ್ಯುಯೋ ಆಗಿದ್ದರೂ ಸಾಕು, ಅದು 64 ಬಿಟ್ಟಿನದೇ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ನೆಟ್‌ಇನ್‌ಸ್ಟ್ ಎಂಬ ಚಿಕ್ಕ ಇಮೇಜು, ಅಂದರೆ ಇನ್‌ಸ್ಟಾಲರ್ ಇರುವ ಕಡತ, ಒಂದು ಜಿಬಿಗೂ ಕಡಿಮೆ. ಅದನ್ನು ಪೆನ್‌ಡ್ರೈವಿಗೆ ಬರೆದುಕೊಳ್ಳಿ. ಉಳಿದದ್ದು ನೆಟ್ಟಿನಿಂದ ಇಳಿಯುತ್ತದೆ. ವೈಫೈ ತಕರಾರು ಮಾಡಿದರೆ ಮೊಬೈಲಿಗೆ ಕೇಬಲ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಹಾಕಿ ನೋಡಿ. ಹಳೆಯ ಲೆಕ್ಕಪತ್ರವನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟ ಮೇಲೇ ಡಿಸ್ಕ್ ಅಳಿಸಿ, ಇದನ್ನು ಮಾತ್ರ ಮರೆಯಬೇಡಿ. ರೂಟ್ ಪಾಸ್‌ವರ್ಡ್ ಕೇಳುವ ಕಡೆ ಖಾಲಿ ಬಿಟ್ಟರೆ, ನಿಮ್ಮ ಹೆಸರಿಗೇ ಸುಡೋ ಅಧಿಕಾರ, ಅಂದರೆ ಯಂತ್ರದ ಯಜಮಾನನ ಅಧಿಕಾರ, ಸಿಗುತ್ತದೆ.

ಕೊನೆಗೆ 'ಸಾಫ್ಟ್‌ವೇರ್ ಸೆಲೆಕ್ಷನ್' ಎಂಬ ಪರದೆ ಬರುತ್ತದೆ. ಎಲ್ಲ ತೀರ್ಮಾನ ಆಗುವುದು ಇಲ್ಲಿ. ಡೆಬಿಯನ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್, ಗ್ನೋಮ್ ಎಂಬವುಗಳ ಮುಂದೆ ನಕ್ಷತ್ರದ ಗುರುತು ಮೊದಲೇ ಬಿದ್ದಿರುತ್ತದೆ. ಸ್ಪೇಸ್‌ಬಾರ್ ಒತ್ತಿ ಎರಡನ್ನೂ ತೆಗೆಯಿರಿ. 'ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್' ಒಂದಿರಲಿ. ರೀಬೂಟ್ ಆದ ಮೇಲೆ ಕಪ್ಪು ಪರದೆ, ಅದರಲ್ಲಿ ಲಾಗಿನ್ ಎಂಬ ಒಂದೇ ಪದ. ಕೆಟ್ಟುಹೋಯಿತೆಂದು ಗಾಬರಿ ಬೀಳಬೇಡಿ, ಹಾಗೇ ಇರಬೇಕು.

ಈಗ ಬರೆದುಕೊಳ್ಳಿ, ರೇಡಿಯೋದಲ್ಲಿ ಕಮಾಂಡ್ ಓದುವುದು ಸ್ವಲ್ಪ ವಿಚಿತ್ರವೇ. ಸುಡೋ ಆಪ್ಟ್‌ಗೆಟ್ ಇನ್‌ಸ್ಟಾಲ್ ಎಂದು ಟೈಪ್ ಮಾಡಿ, ಮುಂದೆ ಕ್ಸಾರ್ಗ್, ಓಪನ್‌ಬಾಕ್ಸ್, ಲೈಟ್‌ಡಿಎಂ, ಟಿಂಟ್2, ಪಿಸಿಮ್ಯಾನ್‌ಎಫ್‌ಎಂ, ಎಲ್‌ಎಕ್ಸ್‌ಟರ್ಮಿನಲ್ ಸೇರಿಸಿ. ಪರದೆಯ ಮೇಲೆ ಚಿತ್ರ ಮೂಡಿಸುವುದು ಕ್ಸಾರ್ಗ್. ಕಿಟಕಿಗಳನ್ನು ನೋಡಿಕೊಳ್ಳುವುದು ಓಪನ್‌ಬಾಕ್ಸ್. ಪಾಸ್‌ವರ್ಡ್ ಕೇಳಿ ಒಳಗೆ ಬಿಡುವುದು ಲೈಟ್‌ಡಿಎಂ. ಟಿಂಟ್2 ಕೆಳಗಿನ ಪಟ್ಟಿ. ಆಮೇಲಿನ ಎರಡು, ಫೈಲು ನೋಡಲು ಮತ್ತು ಕಮಾಂಡ್ ಬರೆಯಲು. ನೆಟ್ಟಿಗೆ ನೆಟ್‌ವರ್ಕ್ ಮ್ಯಾನೇಜರ್ ಬೇರೆ ಹಾಕಬೇಕು. ಇನ್‌ಸ್ಟಾಲ್ ಮಾಡುವಾಗಿನ ನೆಟ್ ಸೆಟ್ಟಿಂಗ್ 'ಇಂಟರ್‌ಫೇಸಸ್' ಎಂಬ ಕಡತದಲ್ಲಿ ಉಳಿದುಬಿಟ್ಟಿದ್ದರೆ, ನೆಟ್‌ವರ್ಕ್ ಮ್ಯಾನೇಜರ್ ಆ ಸಂಪರ್ಕವನ್ನು ಮುಟ್ಟುವುದಿಲ್ಲ. ಆ ಸಾಲುಗಳ ಮುಂದೆ ಒಂದು ಹ್ಯಾಶ್ ಗುರುತು ಹಾಕಿದರೆ ದಾರಿಗೆ ಬರುತ್ತದೆ.

ಓಪನ್‌ಬಾಕ್ಸಿನಲ್ಲಿ ಮೊದಲ ಸಲ ಒಳಗೆ ಹೋದಾಗ ಐಕಾನೂ ಇಲ್ಲ, ಪಟ್ಟಿಯೂ ಇಲ್ಲ. ಮೌಸಿನ ಬಲಗುಂಡಿ ಒತ್ತಿದರೆ ಮೆನು ತೆರೆಯುತ್ತದೆ, ಅಷ್ಟೇ. ಲಾಗಿನ್ ಆದ ಕೂಡಲೆ ಏನೇನು ಓಡಬೇಕೋ ಅದನ್ನು 'ಆಟೋಸ್ಟಾರ್ಟ್' ಎಂಬ ಕಡತದಲ್ಲಿ ಸಾಲುಸಾಲಾಗಿ ಬರೆಯಬೇಕು. ಪ್ರತಿ ಸಾಲಿನ ಕೊನೆಗೆ ಆಂಪರ್‌ಸ್ಯಾಂಡ್, ಅಂದರೆ 'ಆ್ಯಂಡ್' ಚಿಹ್ನೆ, ಇರಲೇಬೇಕು. ಅದು ಬಿಟ್ಟುಹೋದರೆ ಟಿಂಟ್2 ಮಾತ್ರ ಎದ್ದು ಕೂತು, ಅದರ ಕೆಳಗಿನ ಯಾವ ಸಾಲಿಗೂ ಸರದಿ ಬರುವುದಿಲ್ಲ. ಇದೆಲ್ಲ ಸ್ವಂತ ಯಂತ್ರಕ್ಕೆ ಚೆಂದ. ನಾಲ್ಕು ಜನ ಕೂರುವ ಆಫೀಸಿಗೆ ನಾನು ಐಸ್‌ಡಬ್ಲ್ಯೂಎಂ ಹಾಕಿ ಅನ್ನುತ್ತೇನೆ. ಅದೂ ಅಷ್ಟೇ ಹಗುರ, ಕೆಳಗಿನ ಪಟ್ಟಿ, ಮೆನು ಮೊದಲೇ ಇರುತ್ತವೆ. ಹೊಸ ರೈಟರು ಬಂದರೂ ಪಾಠ ಹೇಳಬೇಕಿಲ್ಲ.

ಇಷ್ಟು ಮಾಡಿದರೆ ಯಂತ್ರ ಸುಮ್ಮನಿರುವಾಗ ರ‍್ಯಾಮ್ ಬಹುಪಾಲು ಖಾಲಿ. ಆದರೆ ಫೈರ್‌ಫಾಕ್ಸ್ ತೆರೆದ ಕ್ಷಣ ಆ ಉಳಿತಾಯಕ್ಕೆ ಕತ್ತರಿ. ವೆಬ್‌ಸೈಟುಗಳೇ ಭಾರವಾದರೆ ಡೆಸ್ಕ್‌ಟಾಪ್ ಏನು ಮಾಡೀತು? 2 ಜಿಬಿಯವರು ಟ್ಯಾಬುಗಳನ್ನು ಹಿಡಿತದಲ್ಲಿಡಿ. ಝಡ್‌ರ‍್ಯಾಮ್ ಟೂಲ್ಸ್ ಹಾಕಿದರೆ ರ‍್ಯಾಮಿನಲ್ಲಿರುವ ಮಾಹಿತಿ ಕುಗ್ಗಿ ಸ್ವಲ್ಪ ಜಾಗ ಸಿಗುತ್ತದೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ, ಇವತ್ತು ನಾನು ಹೇಳಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಅದೊಂದರಿಂದಲೇ ಕಾಣುತ್ತದೆ.

ಕನ್ನಡಕ್ಕೆ ಫಾಂಟ್ಸ್ ಕೆಎನ್‌ಡಿಎ ಎಂಬ ಪ್ಯಾಕೇಜು ಸಾಕು, ಅದರಲ್ಲಿ ಲೋಹಿತ್, ಗುಬ್ಬಿ ಫಾಂಟುಗಳು ಬರುತ್ತವೆ. ಟೈಪಿಂಗಿಗೆ ಐಬಸ್ ಜೊತೆ ಐಬಸ್ ಎಂ17ಎನ್. ಅದರಲ್ಲಿ ಕೆಜಿಪಿ ಎಂಬ ವಿನ್ಯಾಸ ಆರಿಸಿಕೊಳ್ಳಿ. ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಿಲ್ಲ. ಕೊಡವ ತಕ್ಕನ್ನೂ ಅರೆಭಾಷೆಯನ್ನೂ ನಾವು ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಅವಕ್ಕೂ ಇದೇ ಸಾಕು. ಯೂನಿಕೋಡ್ ಅಲ್ಲದ ಹಳೇ ನುಡಿ ಕಡತಗಳು ಮಾತ್ರ ಗೀಚಿದಂತೆ ಕಾಣುತ್ತವೆ, ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಇನ್ನೊಂದು ಮಾತು. ಆಪ್ಟ್ ಅಂತ ಬರೆದರೂ ನಡೆಯುತ್ತದಲ್ಲ, ಆಪ್ಟ್‌ಗೆಟ್ ಯಾಕೆ ಹೇಳಿದೆ ಎಂದು ಕೆಲವರು ಕೇಳಬಹುದು. ಆಪ್ಟ್ ತಾನು ಇಳಿಸಿಕೊಂಡ ಪ್ಯಾಕೇಜುಗಳನ್ನು ಕೆಲಸ ಮುಗಿದೊಡನೆ ಅಳಿಸಿಬಿಡುತ್ತದೆ. ಆಪ್ಟ್‌ಗೆಟ್ ಇಟ್ಟುಕೊಳ್ಳುತ್ತದೆ. ವಾರ್, ಅದರೊಳಗೆ ಕ್ಯಾಶ್, ಅದರೊಳಗೆ ಆಪ್ಟ್, ಅದರೊಳಗೆ ಆರ್ಕೈವ್ಸ್ ಫೋಲ್ಡರಿನಲ್ಲಿ ಅವೆಲ್ಲ ಇರುತ್ತವೆ. ಪೂರ್ತಿ ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ. ಅದೇ ಆವೃತ್ತಿಯ ಡೆಬಿಯನ್ ಇರುವ 64 ಬಿಟ್ಟಿನ ಇನ್ನೊಂದು ಯಂತ್ರ ತೋಟದಲ್ಲಿದ್ದರೆ ನೆಟ್ ಇಲ್ಲದೆಯೂ ಅಲ್ಲಿಗೆ ಹಾಕಬಹುದು. ಮೇ ತಿಂಗಳ ಕೊನೆಗೆ, ನೆಟ್ ಇನ್ನೂ ಚೆನ್ನಾಗಿರುವಾಗಲೇ, ಆಪ್ಟ್‌ಗೆಟ್ ಅಪ್‌ಡೇಟ್, ಆಪ್ಟ್‌ಗೆಟ್ ಅಪ್‌ಗ್ರೇಡ್ ಎರಡನ್ನೂ ಮಾಡಿ ಮುಗಿಸಿಬಿಡಿ.

ನಮಸ್ಕಾರ.