ಬಾಂಬರ್ಗ್‌ನಲ್ಲಿ ಹೊಗೆ ಹತ್ತಿದ ಬಿಯರ್

ಶನಿವಾರ ಬೆಳಗ್ಗೆ ಒಂಬತ್ತೂವರೆ, ಜರ್ಮನಿಯ ಎರ್ಲಾಂಗನ್ ಸ್ಟೇಷನ್. ಬ್ಯಾಗಲ್ಲಿ ನಾಲ್ಕು ಚಪಾತಿ, ಒಂದು ಡಬ್ಬಿ ಚಟ್ನಿಪುಡಿ. ಬಿಯರ್ ಕುಡಿಯೋಕೆ ಹೊರಟವರ ಹತ್ರ ಚಪಾತಿ ಯಾಕೆ ಅಂತ ಈಗ್ಲೇ ಕೇಳ್ಬೇಡಿ.

ಹೋಗ್ತಿರೋದು ಬಾಂಬರ್ಗ್‌ಗೆ. ಎಸ್-1 ಟ್ರೈನ್ ಹತ್ತಿದ್ರೆ ಮುಕ್ಕಾಲು ಗಂಟೆ ದಾರಿ ಅಷ್ಟೆ. ಈ ಸೀಮೆಗೆ ಫ್ರಾಂಕೋನಿಯಾ ಅಂತಾರೆ. ನಕಾಶೆಯಲ್ಲಿ ಇದು ಬವೇರಿಯಾ ರಾಜ್ಯ, ಆದ್ರೆ ಇಲ್ಲಿಯವರನ್ನ ‘ನೀವು ಬವೇರಿಯನ್ನಾ?’ ಅಂತ ಕೇಳಿ ನೋಡಿ, ಮುಖ ಸಿಂಡರಿಸ್ತಾರೆ. ನಮ್ಮಲ್ಲಿ ಊರಿಗೊಂದು ಅಕ್ಕಿ ಮಿಲ್ ಇರ್ತಿತ್ತಲ್ಲ, ಹಾಗೆ ಇಲ್ಲಿ ಊರೂರಿಗೆ ಬ್ರೂವರಿ.

ಇದು ಬಾಂಬರ್ಗ್‌ನ ಹಳೇ ಟೌನ್ ಹಾಲ್, ರೆಗ್ನಿಟ್ಸ್ ನದಿಯ ಮಧ್ಯೆ ಕಟ್ಟಿರೋದು. 1993ರಿಂದ ಇಡೀ ಹಳೇ ಪೇಟೆ ಯುನೆಸ್ಕೋ ಪಟ್ಟಿಯಲ್ಲಿದೆ. ಎಲ್ಲರ ವಿಡಿಯೋದಲ್ಲೂ ಇರೋ ಶಾಟ್, ನನ್ನದರಲ್ಲೂ ಇರ್ಲಿ. ನಡೀರಿ ಮುಂದೆ.

ನಾವು ಬಂದಿರೋದು ಈ ಬಾಗಿಲಿಗೆ. ಶ್ಲೆಂಕರ್ಲಾ, ಹೊಗೆ ಬಿಯರ್‌ನ ಹಳೇ ಅಂಗಡಿ. ಈ ಮನೆಯ ಪ್ರಸ್ತಾಪ 1405ರ ದಾಖಲೆಯಲ್ಲೇ ಇದೆ. ಹಿಂದೆ ಇಲ್ಲಿದ್ದ ಒಬ್ಬ ಬಿಯರ್ ಮಾಡೋನು ಕೈ ಬೀಸ್ಕೊಂಡು ತೂರಾಡಿ ನಡೀತಿದ್ದನಂತೆ, ಜನ ಇಟ್ಟ ಅಡ್ಡಹೆಸರು ಅಂಗಡಿಗೇ ನಿಂತುಬಿಡ್ತು. ಒಳಗೆ ಕಪ್ಪಾದ ಮರದ ತೊಲೆಗಳು, ಉದ್ದುದ್ದ ಟೇಬಲ್. ಖಾಲಿ ಜಾಗ ಕಂಡಲ್ಲಿ ಕೇಳಿ ಕೂತ್ಕೋಬೇಕು. ನಮ್ಮೆದುರಿಗೆ ಒಬ್ರು ಅಜ್ಜ.

ಬಿಯರ್ ಬಂತು. ಅರ್ಧ ಲೀಟರ್‌ಗೆ ಇಲ್ಲಿ ‘ಸೈಡ್ಲಾ’ ಅಂತಾರೆ. ಕಾಫಿ ಡಿಕಾಕ್ಷನ್ ಬಣ್ಣ, ಮರದ ಪೀಪಾಯಿಂದ ನೇರವಾಗಿ ಇಳಿಸಿದ್ದು. ಜೊತೆಗೆ ಬಂದ ಹರೀಶ ಒಂದು ಗುಟುಕು ಕುಡಿದು, ‘ಏನಿದು, ಬೇಕನ್ ಅದ್ದಿದ ಹಾಗಿದೆ!’ ಅಂದ. ಬೇಕನ್ ಅಂದ್ರೆ ಹೊಗೆ ಹಾಕಿದ ಹಂದಿ ಮಾಂಸ.

ನಾನು ಕುಡಿದೆ. ನನಗೆ ಬಂದಿದ್ದು ತೀರ್ಥಹಳ್ಳಿ ಹತ್ರದ ಅಜ್ಜಿ ಮನೆ ಬಚ್ಚಲು. ಮಳೆಗಾಲದಲ್ಲಿ ಹಸಿ ಸೌದೆ ತುರುಕಿದ ಹಂಡೆ ಒಲೆ ಇರತ್ತಲ್ಲ, ಅದೇ ವಾಸನೆ. ಅಡುಗೆ ಒಲೆಯಲ್ಲಿ ಕಾಸಿದ ಹಾಲಿಗೆ ಹೊಗೆ ಹತ್ತಿದ್ರೆ ನಾಲಿಗೆ ಹಿಂದೆ ಒಂದು ಒಗರು ಉಳಿಯತ್ತೆ, ಅದೂ ಇದೆ ಇದ್ರಲ್ಲಿ.

ಹೊಗೆ ಬರೋದು ಹೀಗೆ. ನಾವು ರಾಗಿ ಮಾಲ್ಟ್ ಮಾಡೋಕೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹುರೀತೀವಿ. ಬಿಯರ್‌ಗೂ ಅದೇ ಕೆಲಸ, ಬಾರ್ಲಿಯಲ್ಲಿ. ಮೊಳಕೆ ಬೆಳೀದೆ ನಿಲ್ಲಬೇಕಂದ್ರೆ ಸರಿಯಾದ ಹೊತ್ತಿಗೆ ಬಿಸಿ ಕೊಟ್ಟು ಒಣಗಿಸಬೇಕು. ಹಿಂದೆ ಸೌದೆ ಉರಿ ಮೇಲೇ ಒಣಗಿಸ್ತಿದ್ದಲ್ಲೆಲ್ಲ ಮಾಲ್ಟ್‌ಗೆ ಹೊಗೆ ತಪ್ಪಿದ್ದಲ್ಲ. ಆಮೇಲೆ ಬೆಂಕಿ ಒಂದು ಕಡೆ, ಬರೀ ಬಿಸಿಗಾಳಿ ಮಾಲ್ಟ್ ಕಡೆ ಅನ್ನೋ ಗೂಡು ಬಂತು. ಹೊಗೆ ಹೋದ್ರೆ ಸಾಕು ಅಂತ ಲೋಕವೆಲ್ಲ ಅದಕ್ಕೆ ಬದಲಾಯ್ತು. ಈ ಊರಲ್ಲಿ ಎರಡು ಮನೆ ಮಾತ್ರ ಜಗ್ಗಲಿಲ್ಲ: ಒಂದು ಇದು, ಇನ್ನೊಂದು 1536ರಿಂದಿರೋ ಶ್ಪೆಸಿಯಾಲ್. ಇವತ್ತಿಗೂ ಬೀಚ್ ಮರದ ಸೌದೆ ಹೊತ್ತಿಸಿ ತಮ್ಮ ಮಾಲ್ಟ್ ತಾವೇ ಒಣಗಿಸ್ಕೊಳ್ತಾರೆ.

ನನಗೆ ತುಂಬಾ ಇಷ್ಟ ಆದ ಸಂಗತಿ ಇನ್ನೊಂದಿದೆ. ಹೊಗೆ ಮಾಲ್ಟ್ ಹಾಕದ ತಿಳಿ ಬಿಯರೂ ಇಲ್ಲಿ ಮಾಡ್ತಾರೆ. ಅದಕ್ಕೂ ಹೊಗೆ! ಯಾಕಂದ್ರೆ ಕುದಿಯೋದು ಅದೇ ತಾಮ್ರದ ಹಂಡೆಯಲ್ಲಿ, ಹುಳಿಯೋದು ಅದೇ ಯೀಸ್ಟಿಂದ. ಒಗ್ಗರಣೆ ಸೌಟಲ್ಲಿ ಪಾಯಸ ಬಡಿಸಿದ ಹಾಗೆ.

ಬಿಯರ್ ಶುದ್ಧವಾಗಿರಬೇಕು ಅಂತ ಬವೇರಿಯಾ 1516ರಲ್ಲಿ ಕಾನೂನು ಮಾಡಿದ್ದು ಜಗತ್ಪ್ರಸಿದ್ಧ. ಎದುರಿನ ಅಜ್ಜ ಬೆರಳೆತ್ತಿ, ‘ನಮ್ಮಲ್ಲಿ 1489ಕ್ಕೇ ಆಗಿತ್ತು’ ಅಂದ್ರು. ಮಾಲ್ಟ್, ಹಾಪ್ಸ್ ಅನ್ನೋ ಕಹಿ ಹೂವು, ನೀರು, ಬೇರೇನೂ ಕೂಡದು ಅಂತ ಇಲ್ಲಿಯ ಬಿಷಪ್ ಹೊರಡಿಸಿದ ಆಜ್ಞೆ. ಇಪ್ಪತ್ತೇಳು ವರ್ಷ ಮುಂದಿದ್ದ ಗತ್ತು ಇನ್ನೂ ಇಳಿದಿಲ್ಲ.

ಊಟಕ್ಕೆ ಇಲ್ಲಿಯ ಹೆಸರುವಾಸಿ ತಿಂಡಿ ಬಾಂಬರ್ಗ್ ಈರುಳ್ಳಿ. ಈರುಳ್ಳಿ ಅಂದ ತಕ್ಷಣ ನನ್ನ ಕಣ್ಣರಳಿತು. ಒಳಗೆ ಕೀಮಾ ತುಂಬಿರ್ತಾರಂತೆ. ಹರೀಶ ತಿಂದ, ನನಗೆ ಬ್ರೆಡ್ಡು, ಚೀಸು. ಚಪಾತಿ ಬಿಚ್ಚಿದ್ದು ಆಮೇಲೆ, ನದಿ ದಂಡೆಯಲ್ಲಿ ಕೂತ್ಕೊಂಡು. ಈಗ ಗೊತ್ತಾಯ್ತಲ್ಲ?

ಮೊದಲನೇ ಲೋಟ ಯಾರಿಗೂ ಹಿಡಿಸಲ್ಲ, ಮೂರನೆಯದ್ದಕ್ಕೆ ರುಚಿ ಹತ್ತತ್ತೆ ಅನ್ನೋದು ಇಲ್ಲಿಯವರ ಮಾತು. ಹರೀಶ ಅದನ್ನ ಪರೀಕ್ಷೆ ಮಾಡೋ ಹುಮ್ಮಸ್ಸಲ್ಲಿದ್ದ. ನಾನು ಒಂದಕ್ಕೇ ನಿಲ್ಲಿಸಿದೆ, ನನಗೆ ಮೊದಲನೆಯದ್ದೇ ಹಿಡಿಸಿತ್ತು.

ವಾಪಸ್ ಟ್ರೈನಲ್ಲಿ ಅಮ್ಮನ ಫೋನು. ಎಲ್ಲಿದ್ದೀರೇ ಅಂದ್ಲು.

‘ಬಾಂಬರ್ಗ್‌ಗೆ ಬಂದಿದ್ವಿ ಅಮ್ಮಾ. ಇಲ್ಲಿ ಒಂಥರಾ ಬಾರ್ಲಿ ನೀರು ಸಿಗತ್ತೆ, ಹೊಗೆ ಹತ್ತಿದ್ದು.’

‘ಹೊಗೆ ಹತ್ತಿದ್ದಕ್ಕೆ ದುಡ್ಡು ಕೊಟ್ರಾ? ಅಜ್ಜಿ ಮನೇಲಿ ಹಾಲಿಗೆ ಚೂರು ಹೊಗೆ ಹತ್ತಿದ್ರೂ ಲೋಟ ಅಲ್ಲೇ ಬಿಟ್ಟು ಏಳ್ತಿದ್ಯಲ್ಲೇ!’