ಟೇಬಲ್ ಟೆನಿಸ್‌ಗೆ ಎಚ್‌ಐಐಟಿ: ಎರಡು ಪಾಯಿಂಟ್ ನಡುವಿನ ಉಸಿರಿಗೆ ತಯಾರಿ

ಎಲ್ರಿಗೂ ನಮಸ್ಕಾರ. ಮಕ್ಕಳು ಮುಂದೆ ಬನ್ನಿ, ಅಪ್ಪ ಅಮ್ಮಂದಿರು ಹಿಂದೆ ನಿಂತಿರೋರಿಗೂ ಕೇಳಿಸ್ತಿದೆ ಅಲ್ವಾ? ಸರಿ. ಎಚ್‌ಐಐಟಿ ಅಂದ್ರೆ ಏನು ಅಂತ ನಿಮಗೆಲ್ಲ ಗೊತ್ತೇ ಇದೆ, ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೈನಿಂಗ್, ಸ್ವಲ್ಪ ಹೊತ್ತು ಪೂರ್ತಿ ಜೋರಾಗಿ ಮಾಡೋದು, ಸ್ವಲ್ಪ ಹೊತ್ತು ಸುಧಾರಿಸ್ಕೊಳ್ಳೋದು, ಮತ್ತೆ ಜೋರು, ಮತ್ತೆ ಸುಧಾರಿಸ್ಕೊಳ್ಳೋದು. ಈಗ ಯಾವ ಜಿಮ್‌ಗೆ ಹೋದ್ರೂ ಇದನ್ನ ಮಾಡಿಸ್ತಾರೆ. ಆದ್ರೆ ನಮ್ಮ ಆಟದೋರು ಇದನ್ನ ಮಾಡೋವಾಗ ಎಲ್ಲರ ಗಮನ ಆ ಜೋರಿನ ಮೇಲೇ ಇರುತ್ತೆ, ಎಷ್ಟು ಬೆವರು ಬಂತು, ಎಷ್ಟು ಸುಸ್ತಾಯ್ತು ಅಂತ. ನಾನು ಇವತ್ತು ಮಾತಾಡೋದು ಸುಧಾರಿಸ್ಕೊಳ್ಳೋ ಭಾಗದ ಬಗ್ಗೆ, ಯಾಕಂದ್ರೆ ಟೇಬಲ್ ಟೆನಿಸ್‌ನಲ್ಲಿ ಮ್ಯಾಚ್ ಕೈತಪ್ಪೋದು ಅಲ್ಲೇ ಅಂತ ನನಗೆ ಖಾತ್ರಿ ಇದೆ.

ಒಂದು ಲೆಕ್ಕ ಹಾಕೋಣ. ಸರ್ವ್‌ನಿಂದ ಪಾಯಿಂಟ್ ಮುಗಿಯೋವರೆಗೆ ಚೆಂಡು ಆಚೆ ಈಚೆ ಹೋಗೋದಕ್ಕೆ ರ‍್ಯಾಲಿ ಅಂತೀವಿ. ಸಾಮಾನ್ಯವಾಗಿ ಒಂದು ರ‍್ಯಾಲಿ 3-4 ಸೆಕೆಂಡ್‌ಗೆ ಮುಗಿದುಹೋಗುತ್ತೆ. 11-8ಕ್ಕೆ ಮುಗಿದ ಗೇಮ್ ಅಂದ್ರೆ 19 ಪಾಯಿಂಟ್, ಒಂದೊಂದಕ್ಕೆ 4 ಸೆಕೆಂಡ್ ಅಂತ ಇಟ್ಕೊಂಡ್ರೂ 76 ಸೆಕೆಂಡ್ ಅಷ್ಟೇ. ಅಂಥ ಏಳು ಗೇಮ್ ಆಡಿದ್ರೂ ಚೆಂಡು ಆಟದಲ್ಲಿರೋದು ಒಟ್ಟು ಒಂಬತ್ತು ನಿಮಿಷದ ಒಳಗೆ! ಮಿಕ್ಕಿದ್ದೆಲ್ಲ ಚೆಂಡು ಎತ್ಕೊಂಡು ಬರೋದು, ಸರ್ವ್‌ಗೆ ನಿಲ್ಲೋದು, ಪ್ರತಿ 6 ಪಾಯಿಂಟ್‌ಗೆ ಟವಲ್, ಗೇಮ್‌ಗಳ ಮಧ್ಯೆ 1 ನಿಮಿಷ. ಹಾಗಾದ್ರೆ ಸುಸ್ತಾಗೋದು ಯಾಕೆ ಅಂತ ಕೇಳ್ತೀರ. ಆ 4 ಸೆಕೆಂಡಲ್ಲಿ ಮಾಡೋದೆಲ್ಲ ಸಿಡಿಯೋ ಥರದ ಕೆಲಸ, ಪಕ್ಕಕ್ಕೆ ಹಾರಬೇಕು, ಕೂತು ಏಳ್ಬೇಕು, ಸೊಂಟ ತಿರುಗಿಸಿ ಹೊಡೀಬೇಕು, ಮತ್ತೆ ಜಾಗಕ್ಕೆ ವಾಪಸ್ ಬರ್ಬೇಕು. ಅದರ ಮೇಲೆ ನಮ್ಮ ಟೂರ್ನಮೆಂಟ್‌ಗಳಲ್ಲಿ ಒಂದೇ ಹುಡುಗಿ ಅಂಡರ್ 15, ಅಂಡರ್ 17, ಅಂಡರ್ 19 ಮೂರರಲ್ಲೂ ಹೆಸರು ಕೊಟ್ಟಿರ್ತಾಳೆ, ಬೆಳಗ್ಗೆ ಒಂದು ಮ್ಯಾಚು, ಮಧ್ಯಾಹ್ನ ಎರಡು, ಸಂಜೆ ಇನ್ನೊಂದು, ಹಾಲ್‌ನಲ್ಲಿ ಚೆಂಡು ಗಾಳಿಗೆ ತೇಲುತ್ತೆ ಅಂತ ಫ್ಯಾನ್ ಬೇರೆ ಆಫ್. ಮಂಗಳೂರಲ್ಲಿ ಏಪ್ರಿಲ್ ತಿಂಗಳು ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಆಡಿದೋರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಸುಸ್ತು ಅಂದ್ರೆ ಏದುಸಿರು ಬಿಡೋದು ಅಂತ ಕಾಯ್ತಾ ಕೂತ್ರೆ ನಿಮಗೆ ಗೊತ್ತೇ ಆಗಲ್ಲ. ನಾಲ್ಕನೇ ಗೇಮ್‌ನಲ್ಲಿ 8-8 ಆದಾಗ ಮಗುವಿನ ಮುಖ ನೋಡ್ಬೇಡಿ, ಮಂಡಿ ನೋಡಿ. ಮೊದಲನೇ ಗೇಮ್‌ನಲ್ಲಿ ಬಗ್ಗಿದ್ದ ಮಂಡಿ ಈಗ ನೆಟ್ಟಗಾಗಿರುತ್ತೆ, ಹಿಮ್ಮಡಿ ನೆಲಕ್ಕೆ ಅಂಟಿರುತ್ತೆ, ಫೋರ್‌ಹ್ಯಾಂಡ್ ಕಡೆ, ಅಂದ್ರೆ ಬ್ಯಾಟ್ ಹಿಡಿದ ಕೈ ಕಡೆ, ಚೆಂಡು ಬಂದ್ರೆ ಕಾಲು ಹೋಗೋ ಬದಲು ಕೈ ಮಾತ್ರ ಚಾಚುತ್ತೆ, ಚೆಂಡು ಟೇಬಲ್ ದಾಟಿ ಆಚೆ ಬೀಳುತ್ತೆ. ಆಗ ಅಪ್ಪಂದಿರು ಹಿಂದಿನಿಂದ "ಕಾನ್ಸಂಟ್ರೇಟ್ ಮಾಡೋ" ಅಂತ ಕೂಗ್ತಾರೆ. ಪಾಪ, ಆ ಮಗು ಮನಸ್ಸು ಅಲ್ಲೇ ಇದೆ, ಕಾಲು ಬರ್ತಿಲ್ಲ.

ಒಳಗೆ ಏನಾಗುತ್ತೆ ಅಂದ್ರೆ, ಮೊದಲ ಕೆಲವು ಸೆಕೆಂಡ್‌ಗಳ ಜೋರು ಕೆಲಸಕ್ಕೆ ಮಾಂಸಖಂಡದಲ್ಲಿ ಕ್ರಿಯಾಟಿನ್ ಫಾಸ್ಫೇಟ್ ಅಂತ ಒಂದು ಸಣ್ಣ ದಾಸ್ತಾನು ಇರುತ್ತೆ. ಮನೆ ಮೇಲಿನ ಚಿಕ್ಕ ಸಿಂಟೆಕ್ಸ್ ಟ್ಯಾಂಕ್ ಅಂದ್ಕೊಳ್ಳಿ, ನಲ್ಲಿ ತಿರುಗಿಸಿದ ತಕ್ಷಣ ಜೋರಾಗಿ ನೀರು ಬರುತ್ತೆ, ಬೇಗ ಖಾಲಿನೂ ಆಗುತ್ತೆ, ಕೆಳಗಿನ ಸಂಪ್‌ನಿಂದ ಮೋಟರ್ ಎತ್ತಿ ತುಂಬಿಸ್ತಾ ಇರ್ಬೇಕು. ಆ ಮೋಟರ್ ಅಂದ್ರೆ ನಿಮ್ಮ ಹೃದಯ, ಶ್ವಾಸಕೋಶ, ರಕ್ತ, ಮಾಂಸಖಂಡ ಎಲ್ಲ ಸೇರಿ ಆಮ್ಲಜನಕ ಬಳಸೋ ವ್ಯವಸ್ಥೆ. ಪೂರ್ತಿ ಖಾಲಿಯಾದ್ರೆ ಅರ್ಧ ತುಂಬೋಕೆ ಸುಮಾರು ಅರ್ಧ ನಿಮಿಷ ಬೇಕು. ನಿಮಗೆ ಪಾಯಿಂಟ್ ಮಧ್ಯೆ ಸಿಗೋದು ಹತ್ತೋ ಹದಿನೈದೋ ಸೆಕೆಂಡ್. ಮ್ಯಾಚ್ ಮಧ್ಯೆ ರಕ್ತದಲ್ಲಿ ಲ್ಯಾಕ್ಟೇಟ್ ಅಳೆದು ನೋಡಿದಾರೆ, ಜೋರು ಕೆಲಸ ಜಾಸ್ತಿ ಹೊತ್ತು ಎಳೆದಾಗ ಏರೋ ವಸ್ತು ಅದು, ನಮ್ಮ ಆಟದಲ್ಲಿ ಅದು ಸಾಮಾನ್ಯವಾಗಿ ಕಮ್ಮಿನೇ ಇರುತ್ತೆ, 400 ಮೀಟರ್ ಓಡೋರಿಗೆ ಆಗೋ ಥರ ಕಾಲು ಉರಿಯೋ ಆಟ ಇದಲ್ಲ. ಹಾಗಾಗಿ ಉರಿ ತಡ್ಕೊಳ್ಳೋದನ್ನ ಕಲಿಸೋದಕ್ಕಿಂತ ಆ ಮೋಟರನ್ನ ಗಟ್ಟಿ ಮಾಡೋದು ಮುಖ್ಯ.

ಇಲ್ಲೇ ಟಬಾಟಾ ವಿಷಯ ಬರುತ್ತೆ. ಜಪಾನಿನ ಇಜುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ಅಧ್ಯಯನ ಅದು, ಅಲ್ಲಿನ ಸ್ಪೀಡ್ ಸ್ಕೇಟಿಂಗ್ ಕೋಚ್ ಒಬ್ಬರು ಮಾಡಿಸ್ತಿದ್ದ ಕಸರತ್ತನ್ನ ಅಳೆದು ನೋಡಿದ್ದು. 20 ಸೆಕೆಂಡ್ ಸೈಕಲ್, 10 ಸೆಕೆಂಡ್ ಬಿಡುವು, ಏಳೆಂಟು ಸಲ, ಆಮೇಲೆ ತುಳಿಯೋಕೇ ಆಗ್ಬಾರ್ದು ಅಷ್ಟು ಜೋರು. 6 ವಾರದಲ್ಲಿ ಆಮ್ಲಜನಕ ಬಳಸೋ ಶಕ್ತಿನೂ ಏರ್ತು, ಆಮ್ಲಜನಕ ಇಲ್ದೆ ದುಡಿಯೋ ಶಕ್ತಿನೂ 28% ಏರ್ತು. ಒಳ್ಳೆ ಕೆಲಸ, ನನಗೆ ಗೌರವ ಇದೆ. ಆದ್ರೆ ಈಗ ಕೋಚಿಂಗ್ ಹಾಲ್‌ಗಳಲ್ಲಿ ಹನ್ನೆರಡು ವರ್ಷದ ಮಕ್ಕಳಿಗೆ ನೆಲದ ಮೇಲೆ ಬರ್ಪಿ, ಅಂದ್ರೆ ಕೂತು ಮಲಗಿ ಎದ್ದು ಹಾರೋ ಕಸರತ್ತು, ಹಾಕಿಸಿ ಟಬಾಟಾ ಅಂತಾರಲ್ಲ, ಅದು ಆ ಜೋರೂ ಅಲ್ಲ, ನಮ್ಮ ಆಟಕ್ಕೆ ಹೊಂದೋದೂ ಇಲ್ಲ. ಅಲ್ಲಿ ಕೆಲಸ ಜಾಸ್ತಿ ಬಿಡುವು ಕಮ್ಮಿ, ನಮ್ಮಲ್ಲಿ ಪೂರ್ತಿ ಉಲ್ಟಾ.

ಮತ್ತೇನು ಮಾಡೋದು? ಟೂರ್ನಮೆಂಟ್ ಇಲ್ಲದ ತಿಂಗಳಲ್ಲಿ ದೊಡ್ಡೋರಿಗೆ ನಾರ್ವೆ ಕಡೆಯ 4x4 ಸಾಕು, 4 ನಿಮಿಷ ಒಂದು ಪದ ಆಡೋಕೂ ಕಷ್ಟ ಅನ್ನೋ ಹಾಗೆ ಓಡೋದು, 3 ನಿಮಿಷ ನಿಧಾನ, ಇಂಥದ್ದು ನಾಲ್ಕು, ವಾರಕ್ಕೆ ಎರಡು ದಿನ, ಮಧ್ಯೆ ಒಂದು ದಿನವಾದ್ರೂ ಬಿಟ್ಟು. ಮೋಟರ್ ಕಟ್ಟೋದು ಇಲ್ಲೇ. ಟೂರ್ನಮೆಂಟ್ ಹತ್ರ ಬರ್ತಿದ್ದ ಹಾಗೆ ಓಟ ಕಮ್ಮಿ ಮಾಡಿ ಟೇಬಲ್‌ಗೆ ಬನ್ನಿ, ಮಲ್ಟಿಬಾಲ್‌ಗೆ, ಅಂದ್ರೆ ಬಕೆಟ್‌ನಿಂದ ಒಬ್ಬರು ಒಂದರ ಹಿಂದೆ ಒಂದು ಚೆಂಡು ಕೊಡ್ತಾ ಹೋಗೋ ಅಭ್ಯಾಸಕ್ಕೆ. ನನಗೆ ಇಷ್ಟ ಫಾಲ್ಕನ್‌ಬರ್ಗ್ ಡ್ರಿಲ್, ಸ್ವೀಡನ್ನಿನ ಒಂದು ಕ್ಲಬ್ಬಿನ ಹೆಸರು ಅದು. ಬ್ಯಾಕ್‌ಹ್ಯಾಂಡ್ ಮೂಲೆಯಿಂದ ಒಂದು ಬ್ಯಾಕ್‌ಹ್ಯಾಂಡ್, ಅದೇ ಮೂಲೆಯಲ್ಲಿ ಸುತ್ತಿ ಬಂದು ಫೋರ್‌ಹ್ಯಾಂಡ್, ಆಮೇಲೆ ಆ ಕಡೆ ದೂರದ ಮೂಲೆಗೆ ಹಾರಿ ಫೋರ್‌ಹ್ಯಾಂಡ್. ಮೂರು ಸುತ್ತು, 9 ಚೆಂಡು, ಎಂಟೊಂಬತ್ತು ಸೆಕೆಂಡ್. ಆಮೇಲೆ 20 ಸೆಕೆಂಡ್ ಬಿಡುವು, ಇಂಥದ್ದು ಎಂಟು ಆದ್ಮೇಲೆ ಎರಡು ಮೂರು ನಿಮಿಷ ರೆಸ್ಟ್, ಮತ್ತೆ ಒಂದೆರಡು ಸೆಟ್. ಸರಾಸರಿ ರ‍್ಯಾಲಿಗಿಂತ ಉದ್ದ ಯಾಕೆ ಇಡ್ತೀನಿ ಅಂದ್ರೆ 9-9ರಲ್ಲಿ ಯಾರೂ ಸುಲಭವಾಗಿ ಪಾಯಿಂಟ್ ಬಿಡಲ್ಲ, ರ‍್ಯಾಲಿ ಬೆಳೆಯುತ್ತೆ. 2000ದಲ್ಲಿ ಚೆಂಡು 38 ಮಿಮೀಯಿಂದ 40ಕ್ಕೆ ಹೋಯ್ತು, 2014ರಿಂದ ಪ್ಲಾಸ್ಟಿಕ್ ಬಂತು, ಸ್ಪಿನ್ ಕಮ್ಮಿ ಆಯ್ತು, ಒಂದೇ ಹೊಡೆತಕ್ಕೆ ಮುಗಿಸೋದು ಮುಂಚಿನಷ್ಟು ಸುಲಭ ಇಲ್ಲ.

ಆ 20 ಸೆಕೆಂಡ್‌ನಲ್ಲಿ ಕೈ ಮಂಡಿ ಮೇಲೆ ಇಟ್ಕೊಂಡು ನಿಲ್ಲೋಕೆ ಬಿಡ್ಬೇಡಿ. ನಡೀಬೇಕು, ಮೂಗಲ್ಲಿ ಎಳೆದು ಬಾಯಲ್ಲಿ ನಿಧಾನ ಬಿಡ್ಬೇಕು, ಮುಂದಿನ ಸರ್ವ್ ಏನು ಅಂತ ಯೋಚ್ನೆ ಮಾಡ್ಬೇಕು, ಅಂದ್ರೆ ಮ್ಯಾಚ್‌ನಲ್ಲಿ ಮಾಡೋದನ್ನೇ ಅಭ್ಯಾಸ ಮಾಡ್ಬೇಕು. ಮಂಡಿ ನೆಟ್ಟಗಾಗಿ ಕೈ ಚಾಚೋಕೆ ಶುರುವಾದ ತಕ್ಷಣ ಸೆಟ್ ನಿಲ್ಲಿಸಿ, ಎಷ್ಟನೇದಾದ್ರೂ ಪರ್ವಾಗಿಲ್ಲ. ಸುಸ್ತಾದ ಕಾಲಲ್ಲಿ ಮುಂದುವರಿಸಿದ್ರೆ ಮಗು ಕೆಟ್ಟ ಹೊಡೆತವನ್ನೇ ಕಲಿಯುತ್ತೆ. ಇನ್ನು ಕೈಗೆ ಕಟ್ಟೋ ವಾಚ್ ನಂಬಿ ಕೂರ್ಬೇಡಿ, ಇಷ್ಟು ಚಿಕ್ಕ ಸುತ್ತಿನಲ್ಲಿ ಹೃದಯದ ಬಡಿತ ಏರೋದೇ ತಡವಾಗಿ, ನೀವು ನಿಲ್ಲಿಸಿದ್ಮೇಲೆ ನಂಬರ್ ತೋರಿಸುತ್ತೆ.

ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ 2024ರ ಪ್ಯಾರಿಸ್ ಒಲಿಂಪಿಕ್ಸ್ ಟೀಮ್ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ಎದುರು ಡಬಲ್ಸ್ ಸೋತು, ಆಮೇಲೆ ಸಿಂಗಲ್ಸ್‌ಗೆ ಬಂದು ಶಾನ್ ಶಿಯಾವೊನಾ ಅವರನ್ನ ಸೋಲಿಸಿದ್ರು, ಅವತ್ತು ಭಾರತ ಗೆದ್ದಿದ್ದು ಅದೊಂದೇ. ಶರತ್ ಕಮಲ್ ಅವರಂತೂ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ 40ನೇ ವಯಸ್ಸಲ್ಲಿ ಟೀಮ್, ಮಿಕ್ಸೆಡ್, ಸಿಂಗಲ್ಸ್ ಮೂರರಲ್ಲೂ ಚಿನ್ನ, ಮೆನ್ಸ್ ಡಬಲ್ಸ್‌ನಲ್ಲಿ ಬೆಳ್ಳಿ. ಒಂದು ಮ್ಯಾಚ್ ಮುಗಿಸಿ ಇನ್ನೊಂದಕ್ಕೆ ಕಾಲು ಸಿದ್ಧ ಇರ್ಬೇಕಲ್ವಾ, ಅದನ್ನೇ ಹೇಳ್ತಿರೋದು.

ಅಪ್ಪ ಅಮ್ಮಂದಿರಿಗೆ ಎರಡು ಮಾತು. ಬರೀ ಸಿಮೆಂಟ್ ನೆಲದ ಮೇಲೆ ಹಾರೋದು ಬೇಡ, ಮಂಡಿ ಹಿಮ್ಮಡಿ ಹೋಗುತ್ತೆ. ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಇದ್ಯಾವುದೂ ಬೇಡ, ಕುಂಟೆಬಿಲ್ಲೆ, ಲಗೋರಿ, ಸ್ಕಿಪ್ಪಿಂಗ್ ಚೆನ್ನಾಗಿ ಆಡ್ಲಿ. ಆಸ್ತಮಾ ಇದ್ರೆ ಡಾಕ್ಟರನ್ನ ಕೇಳಿ ಶುರು ಮಾಡಿ. ಟೂರ್ನಮೆಂಟ್ ವಾರದಲ್ಲಿ ಒಂದೇ ಸಲ, ಅದೂ ಅರ್ಧ ಸೆಟ್, ಕೊನೇ ಎರಡು ದಿನ ಏನೂ ಇಲ್ಲ.

ಈಗ ಶೂ ಹಾಕಿರೋರು ಇಬ್ರು ಎರಡನೇ ಟೇಬಲ್ ಹತ್ರ ಬನ್ನಿ, ಚೆಂಡಿನ ಬಕೆಟ್ ತನ್ನಿ, ಒಂದು ಸೆಟ್ ಮಾಡಿ ತೋರಿಸ್ತೀನಿ, ಉಳಿದೋರು ಅವರ ಮಂಡಿ ನೋಡ್ತಾ ಎಷ್ಟನೇ ಸುತ್ತಲ್ಲಿ ನಿಲ್ಲಿಸ್ಬೇಕು ಅಂತ ಕೂಗಿ ಹೇಳಿ.