ಮೈನರ್ ಗಾಡಿ ಹೀಟರ್: ಮೊದಲ ಎರಡೂ ಪೈಪ್ ಮುಟ್ಟಿ ನೋಡ್ರಿ

ಹಾಂ, ವಿಡಿಯೋ ಚಾಲೂ ಆತು. ನಮಸ್ಕಾರ್ರೀ. ಗಾಡಿ ಮಾರಿಸ್ ಮೈನರ್ 1000, ಹಳೇ ಬ್ರಿಟಿಷ್ ಕಾರು, ಊರು ಪುಣೆ, ಕಾಲಿನ ಹತ್ರ ಕಾಣಸೋ ಆ ಕರಿ ಡಬ್ಬಿ ಸ್ಮಿತ್ಸ್ ಕಂಪನಿ ಹೀಟರ್. ಪುಣೆದಾಗ ಹೀಟರ್ ಯಾಕ್ರಿ? ಥಂಡಿಗೆ ಸ್ವೆಟರ್ ಸಾಕು, ಒಪ್ಕೊಂಡೆ. ಆದ್ರ ಜುಲೈದಾಗ ಖಂಡಾಲಾ ಘಾಟ್ ಹತ್ತಿದ್ರ ಮುಂದಿನ ಕಾಜು ಒಳಗಿಂದ ಮಂಜು ಹಿಡೀತೈತಿ. ಕಾಜಿಗೆ ಬಿಸಿ ಗಾಳಿ ಹೊಡ್ಯಾಕ ಇದ ಬೇಕು.

ಬಿಚ್ಚೋದು ಆಮೇಲೆ. ಎಂಜಿನ್ ಹದಿನೈದು ನಿಮಿಷ ಓಡಲಿ, ಹೀಟರಿನ ಎರಡೂ ಪೈಪ್ ಮುಟ್ರಿ. ಎರಡೂ ಸುಡ್ತಾವ, ಆದ್ರೂ ಒಳಗ ಬಿಸಿ ಇಲ್ಲ: ದೋಷ ಫ್ಯಾನಿಂದು, ಇಲ್ಲಾ ಗಾಳಿ ಬಾಗಲದ್ದು. ಒಂದು ಬಿಸಿ, ಒಂದು ತಣ್ಣಗ: ಕೋರ್, ಅಂದ್ರ ಹೀಟರ್ ಒಳಗ ಬಿಸಿ ನೀರು ಹರಿಯೋ ಜಾಲಿ, ಕಟ್ಟೈತಿ, ಇಲ್ಲಾ ಗಾಳಿ ಸಿಕ್ಕೈತಿ. ಎರಡೂ ತಣ್ಣಗ ಇದ್ರ ಸಿಲಿಂಡರ್ ಹೆಡ್ಡಿನ ಹಿಂದಿನ ನಳ ಬಂದ್ ಇರಬಹುದು. ಎರಡೂ ಉಗುರುಬೆಚ್ಚಗ?

ಥರ್ಮೋಸ್ಟಾಟ್! ಎಂಜಿನ್ ಕಾಯೋತನಕ ನೀರು ರೇಡಿಯೇಟರಿಗೆ ಬಿಡದ ಬಾಗಲ ಅದು. ಇಲ್ಲೇ ನನ್ನ ತಲಿ ಕೆಡೋದು. ನಮ್ಮ ಕಡೆ ಹಳೇ ಗಾಡಿ ಗ್ಯಾರೇಜಿಗೆ ಹೋತಂದ್ರ ಮೊದಲ ಕೆಲಸ ಥರ್ಮೋಸ್ಟಾಟ್ ಕಿತ್ತು ಒಗಿಯೋದು. ‘ಇಲ್ಲಿ ಬಿಸಲು ಭಾಳ, ಇದು ಬ್ಯಾಡ.’ ಅಲ್ರೀ, ಅದು ಇಲ್ಲದಿದ್ರ ನೀರು ಬಿಸಿ ಆಗೋದ್ರಾಗ ರೇಡಿಯೇಟರಿಗೆ ಓಡ್ತೈತಿ. ಎಂಜಿನ್ ತಣ್ಣಗ, ಪೆಟ್ರೋಲ್ ಖರ್ಚು ಜಾಸ್ತಿ, ಹೀಟರ್ ಸತ್ತಂಗ. ಆಮೇಲೆ ‘ಹೀಟರ್ ಹಾಳಾಗೈತಿ’ ಅಂತ ಬಿಲ್ಲು. ಹೆಡ್ಡಿನ ಮುಂದ ಮೂರು ನಟ್ಟಿನ ಮುಚ್ಚಳದ ಕೆಳಗ ನೋಡ್ರಿ. ಇದ್ರ ಪಾತೇಲಿ ನೀರಾಗ ಇಳಿಬಿಟ್ಟು ಕಾಯಿಸ್ರಿ, 82 ಡಿಗ್ರಿದ್ದು 82ರ ಆಜೂಬಾಜೂ ಬಾಯಿ ತೆಗೀಬೇಕು. ನಾನಾ ಪೇಠದಾಗ ಹುಡುಕಿದ್ರ ಇಂಥವು ಸಿಗ್ತಾವ. ಆ ಓಣ್ಯಾಗ ಪಾರ್ಕಿಂಗ್ ಮಾತ್ರ... ಬ್ಯಾಡ ಬಿಡ್ರಿ, ಶಾಟ್ ಮುಂದ ಹೋತು.

ನೀರು ಇಳಿಸೋದು ನೋಡಾಕತ್ತೀರಿ. ಪೈಪ್ ಬರಂಗಿಲ್ಲಂತ ಪಕ್ಕಡದಿಂದ ತಿರುವಬ್ಯಾಡ್ರಿ. ಕೋರಿನ ಕೊಳವಿಗೆ ಬರೀ ಬೆಸುಗಿ ಇರ್ತೈತಿ, ತಿರುವಿದ್ರ ಅದ ಬುಡಸಮೇತ ಬರ್ತೈತಿ. ಬ್ಲೇಡಿನಿಂದ ಪೈಪ್ ಉದ್ದಕ್ಕ ಸೀಳ್ರಿ. ಪೈಪ್ ಹೆಂಗೂ ಹೊಸಾದು ಹಾಕೋದೈತಿ: ಒಳಗಿನ ಅಳತಿ ಅರ್ಧ ಇಂಚು, ಹೀಟರಿಗಂತ ಮಾಡಿದ್ದ ತಗೋರಿ. ಅಂಗಡ್ಯಾಗ ಪೆಟ್ರೋಲ್ ಪೈಪ್ ಕೊಟ್ಟು ‘ಎರಡೂ ಒಂದ’ ಅಂತಾರ. ಒಂದ ಅಲ್ಲ, ಬಿಸಿ ನೀರಿಗೆ ಅದು ಬಿರುಸಾಗಿ ಸೀಳ್ತೈತಿ.

ಕೋರಿಗೆ ನೀರು ಉಲ್ಟಾ ಬಿಡ್ರಿ, ಹೊರಗ ಹೋಗೋ ದಾರಿಯಿಂದ ಒಳಗ. ನೋಡ್ರಿ ಬಣ್ಣ, ಕುದಿಸಿದ ಚಹಾ! ಸ್ವಚ್ಛ ಬರೋತನಕ ಬಿಡಬ್ಯಾಡ್ರಿ. ಕಾರು ಒಳಗ ಸಿಹಿ ವಾಸನಿ, ಕಾಜಿನ ಮ್ಯಾಲ ಜಿಡ್ಡು ಇದ್ರ ಕೋರ್ ಸೋರಾಕತ್ತೈತಿ. ಕೋರ್ ಬಕೆಟ್ ನೀರಾಗ ಮುಳುಗಿಸಿ ಗಾಳಿ ತುಂಬ್ರಿ, ಒತ್ತಡ 10 ಪಿಎಸ್‌ಐ ದಾಟಬ್ಯಾಡ. ಗುಳ್ಳಿ ಬಂದಲ್ಲಿ ಗುರುತು ಹಾಕಿ ರೇಡಿಯೇಟರ್ ಅಂಗಡ್ಯಾಗ ಬೆಸುಗಿ ಹಾಕಸ್ರಿ, ತಾಮ್ರ ಹಿತ್ತಾಳಿ ಅಲ್ಲಾ, ಹಿಡೀತೈತಿ.

ಫ್ಯಾನ್ ಗುಂಯ್ ಅಂತೈತಿ, ತಿರುಗಂಗಿಲ್ಲ? ಮೋಟರಿನ ಅಚ್ಚು ತಿರುಗೋ ಬುಶ್ ಒಣಗೈತಿ. ಎರಡೂ ತುದಿಗೆ ಹೊಲಿಗಿ ಮಿಷನ್ ಎಣ್ಣಿ ಒಂದೊಂದು ಹನಿ. ವೈರ್ ಮುಟ್ಟೋ ಮುಂದ ಎಚ್ಚರ, ಬದಲು ಮಾಡಿರದಿದ್ರ ಈ ಗಾಡ್ಯಾಗ ಬ್ಯಾಟರಿಯ ಪ್ಲಸ್ ಗಾಡಿಯ ಲೋಹದ ಮೈಗೆ ಜೋಡಿಸಿರ್ತೈತಿ.

ತುಂಬೋದು. ಬೋರ್ ನೀರು ಬ್ಯಾಡ, ಬಿಳಿ ಪದರು ಕಟ್ಟತೈತಿ. ಡಿಸ್ಟಿಲ್ಡ್ ನೀರು ಎರಡು ಪಾಲು, ಕೂಲಂಟ್ ಒಂದು ಪಾಲು. ಪುಣೆದಾಗ ನೀರು ಹೆಪ್ಪುಗಟ್ಟಂಗಿಲ್ಲ ಖರೆ, ಕೂಲಂಟ್ ತುಕ್ಕು ಹಿಡೀಬಾರದಂತ. ಹೀಟರ್ ನಳ ಪೂರಾ ಓಪನ್ ಮಾಡ್ರಿ, ವಾಪಸ್ ಬರೋ ಪೈಪ್ ಬಿಚ್ಚಿ ಮ್ಯಾಲ ಎತ್ತಿ ಹಿಡೀರಿ. ಗುಳ್ಳಿ ನಿಂತು ನೀರು ಒಂದ ಧಾರಿ ಬಂದಾಗ ಪೈಪ್ ವಾಪಸ್ ಹಾಕ್ರಿ. ಗಾಡಿ ಮೂತಿ ಏರಿಗೆ ಮುಖ ಮಾಡಿ ನಿಂದ್ರಿಸಿದ್ರ ಇನ್ನೂ ಚಲೋ.

ಈಗ ಎರಡೂ ಪೈಪ್ ಬಿಸಿ. ಗಾಡಿ ಪೂರಾ ತಣ್ಣಗಾದ ಮ್ಯಾಲ ಕ್ಲಿಪ್ ಇನ್ನ ಅರ್ಧ ಸುತ್ತು ಬಿಗೀರಿ, ಹೊಸಾ ರಬ್ಬರ್ ಒಂದು ಸಲ ಕಾದ್ರ ಸಡ್ಲಾಗ್ತೈತಿ.